ಕೊಟ್ಟಿಗೆಗೆ ಬೀಗವೇ ಇರಲಿಲ್ಲ

ಶಿವಮೊಗ್ಗದ ಬಿ.ಎಚ್. ರಸ್ತೆಯ ಹಾರ್ಡ್‌ವೇರ್ ಅಂಗಡಿಗೆ ಬೀಗ ಕೊಳ್ಳಲು ಹೋಗಿದ್ದೆ. ‘ಯಾವ್ ಬಾಗ್ಲಿಗೆ ಸಾರ್?’ ಎಂದ ಅಂಗಡಿಯ ಹುಡುಗ. ‘ಕೊಟ್ಟಿಗೆಗೆ’ ಎಂದೆ. ಅವನು ಕೈಯಲ್ಲಿದ್ದ ಹಿತ್ತಾಳೆ ಬೀಗವನ್ನು ಹಾಗೇ ಹಿಡಿದು ನಿಂತ. ‘ಕೊಟ್ಟಿಗೆಗೆ ಬಾಗ್ಲೆಲ್ಲಿರುತ್ತೆ ಸಾರ್? ಉಣಗೋಲು ತಾನೆ?’

ಹಳ್ಳಿಯ ಹುಡುಗನೇ ಇರಬೇಕು. ಅತ್ತ ಇತ್ತ ತೂತು ಕೊರೆದ ಎರಡು ಕಂಬ, ನಡುವೆ ಸರಿಸಿ ಹಾಕುವ ಮೂರು ಗಳ, ಅಷ್ಟೇ ಉಣಗೋಲು. ಒಳಗಿನ ದನ ಆಚೆ ಹೋಗಬಾರದು, ಬೀದಿಯ ದನ ಒಳಗೆ ಬರಬಾರದು. ಮನುಷ್ಯರನ್ನು ತಡೆಯುವ ಉದ್ದೇಶ ಅದಕ್ಕಿರಲಿಲ್ಲ. ಹಾಲು ಕರೆಯುವವರು, ಸಗಣಿ ಬಾಚುವವರು, ಸಂಜೆ ಮಳೆಗೆ ಸಿಕ್ಕಿಬಿದ್ದ ದಾರಿಹೋಕರು, ಯಾರು ಬೇಕಾದರೂ ಗಳ ಸರಿಸಿಕೊಂಡು ಒಳಗೆ ಬರುತ್ತಿದ್ದರು. ಅಜ್ಜನ ಕಾಲದಿಂದ ನಿಂತಿದ್ದ ಆ ಕಟ್ಟಡಕ್ಕೆ ನಾನು ಕೊಂಡ ಮೊದಲ ಹೊಸ ವಸ್ತು ಬೀಗ. ಅದೇ ಎಡವಟ್ಟು ಎಂದು ತಿಳಿಯಲು ಎರಡು ಮಳೆಗಾಲ ಬೇಕಾದವು.

ನಮ್ಮದು ಭದ್ರಾವತಿಯಿಂದ ಹೊಳೆಹೊನ್ನೂರಿಗೆ ಹೋಗುವ ಕಡೆ, ಭದ್ರಾ ನಾಲೆಯ ನೀರುಣ್ಣುವ ಒಂದು ಹಳ್ಳಿ. ಪಾಲಾದಾಗ ಮನೆ ದೊಡ್ಡಪ್ಪನ ಮಕ್ಕಳಿಗೆ ಹೋಯಿತು, ಕೊಟ್ಟಿಗೆ ನಮಗೆ ಬಂತು. ಐದಂಕಣದ ಕೊಟ್ಟಿಗೆ. ಎದೆಮಟ್ಟದ ಮಣ್ಣಿನ ಗೋಡೆ, ಅದರ ಮೇಲೆ ಗಾಳಿಯಾಡಲು ಬಿದಿರ ದಬ್ಬೆಯ ತಟ್ಟಿ, ಮತ್ತಿ ಮರದ ಕಂಬ, ಮಂಗಳೂರು ಹೆಂಚು. ಒಳಗೆ ಉದ್ದಕ್ಕೂ ಗೋದಲಿ, ತಲೆಯ ಮೇಲೆ ಹುಲ್ಲಟ್ಟ. ಶಿವಮೊಗ್ಗದ ಬಾಡಿಗೆ ಮನೆಯಿಂದ ಬೈಕಿನಲ್ಲಿ ಒಂದು ಗಂಟೆಯೂ ಆಗದ ದಾರಿ. ಶನಿವಾರ, ಭಾನುವಾರ ಅಲ್ಲಿ ಕಳೆಯೋಣ ಎಂಬುದು ನಮ್ಮ ಯೋಜನೆ.

ದನ ಹೋದ ಮೇಲೆ

ಭದ್ರಾವತಿ, ಶಿವಮೊಗ್ಗದ ಪೂರ್ವ ಭಾಗ ಮಲೆನಾಡಿನ ಸೆರಗು. ತೀರ್ಥಹಳ್ಳಿಯ ಮಳೆ ಇಲ್ಲಿಲ್ಲ, ದಾವಣಗೆರೆಯ ಬಿಸಿಲೂ ಇಲ್ಲ. ಗದ್ದೆಗೆ ನಾಲೆ ನೀರು, ಉಳುಮೆಗೆ ಎತ್ತು, ಗೊಬ್ಬರಕ್ಕೆ ಕೊಟ್ಟಿಗೆ, ಹೀಗಿತ್ತು ಲೆಕ್ಕ. ಟ್ರ್ಯಾಕ್ಟರ್, ಟಿಲ್ಲರ್ ಬಂದ ಮೇಲೆ ಎತ್ತು ಹೋದವು. ಕೊಯ್ಲಿನ ಯಂತ್ರ ಬಂದ ಮೇಲೆ ಹುಲ್ಲು ಗದ್ದೆಯಲ್ಲೇ ಪುಡಿಯಾಯಿತು, ಅಟ್ಟ ಖಾಲಿಯಾಯಿತು. ಎಷ್ಟೋ ಗದ್ದೆ ಅಡಿಕೆ ತೋಟವಾಯಿತು. ಉಳಿದ ಒಂದೆರಡು ಹಸುಗಳಿಗೆ ಹಿತ್ತಿಲಲ್ಲಿ ತಗಡಿನ ಚಪ್ಪರ ಸಾಕಾಯಿತು. ಊರಿಗೆ ನಾಲ್ಕೈದರಂತೆ ದೊಡ್ಡ ಕೊಟ್ಟಿಗೆಗಳು ಮುರಿದ ನೇಗಿಲು, ಎಸೆಯಲಾಗದೆ ಇಟ್ಟ ಗೋಣಿಚೀಲ, ಕೆಟ್ಟ ಟಿ.ವಿ.ಗಳ ಗೋದಾಮಾದವು.

ಇದೇ ಹೊತ್ತಿಗೆ ಪೇಟೆಯವರಿಗೆ ಹಳ್ಳಿ ಬೇಕಾಗಿದೆ. ಬೆಂಗಳೂರಿನಿಂದ ರೈಲಿದೆ. 2023ರ ಫೆಬ್ರುವರಿಯಲ್ಲಿ ಶಿವಮೊಗ್ಗ ಬಳಿಯ ಸೋಗಾನೆಯ ವಿಮಾನ ನಿಲ್ದಾಣವೂ ಉದ್ಘಾಟನೆಯಾಯಿತು. ತೋಟದ ಮನೆ, ವಾರಾಂತ್ಯದ ಮನೆ ಎಂಬ ಮಾತು ಮದುವೆ ಊಟದ ಪಂಕ್ತಿಯಲ್ಲೂ ಕೇಳುತ್ತದೆ. ಆದರೆ ಹಳೆಯ ಕೊಟ್ಟಿಗೆ ಇರುವವರು ಸಾಮಾನ್ಯವಾಗಿ ಮಾಡುವುದು ಎರಡೇ ಕೆಲಸ. ಕಂಬ, ತೊಲೆಗಳನ್ನು ಹಳೇ ಮರದ ವ್ಯಾಪಾರಿಗೆ ಮಾರಿ, ಆ ಜಾಗದಲ್ಲಿ ಆರ್‌ಸಿಸಿ ಮನೆ ಎಬ್ಬಿಸುವುದು. ಇಲ್ಲವೇ ಕೊಟ್ಟಿಗೆಯ ಹೆಸರು, ಹೆಂಚು ಉಳಿಸಿಕೊಂಡು ಒಳಗೆಲ್ಲ ಸಿಮೆಂಟು, ಟೈಲ್ಸು, ಜಿಪ್ಸಂ ಛಾವಣಿ ತುಂಬಿ ಹೋಟೆಲಿನ ಕೋಣೆ ಮಾಡುವುದು.

ಹಳೆಯ ಮರದ ಮನೆಗಳನ್ನು ಬಿಚ್ಚಿ ಬೇರೆಡೆ ಮತ್ತೆ ನಿಲ್ಲಿಸಿದ ದೊಡ್ಡ ಉದಾಹರಣೆ ನಮ್ಮಲ್ಲೇ ಇದೆ. ಮಣಿಪಾಲದ ವಿಜಯನಾಥ ಶೆಣೈ ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ಹರ್ಕೂರು ಒಳಗಿನ ಮನೆ, ಕುಕನೂರಿನ ಕಮಲ ಮಹಲ್‌ನಂಥ ಕಟ್ಟಡಗಳನ್ನು ಉಳಿಸಿದರು. ಅದು ಸಾಧ್ಯವಾದದ್ದಕ್ಕೆ ಒಂದು ಕಾರಣ ಆ ಕಟ್ಟಡಗಳ ಹುಟ್ಟುಗುಣ. ಬೆಣೆ, ಕೀಲುಗಳಲ್ಲಿ ಜೋಡಿಸಿದ್ದನ್ನು ಬಿಚ್ಚಬಹುದು. ನಮ್ಮ ಕೊಟ್ಟಿಗೆಯೂ ಬಡವರ ಮಟ್ಟದಲ್ಲಿ ಅದೇ ಜಾತಿ. ಪಕಾಸಿ ಕೊಳೆತರೆ ಒಂದನ್ನೇ ತೆಗೆದು ಹಾಕಬಹುದು. ಹೆಂಚು ಒಡೆದರೆ ಒಂದೇ ಹೆಂಚು. ಗೋಡೆ ಕರಗಿದರೆ ಅದೇ ಮಣ್ಣನ್ನು ಮತ್ತೆ ತುಳಿದು ಮೆತ್ತಬಹುದು. ‘ಸುಸ್ಥಿರ’ ಎಂಬ ಮಾತು ಅಜ್ಜನಿಗೆ ಗೊತ್ತಿರಲಿಲ್ಲ. ದುರಸ್ತಿ ಗೊತ್ತಿತ್ತು.

ಬೆಂಕಿಪುರದ ಲೆಕ್ಕ

ಭದ್ರಾವತಿಯಲ್ಲಿ ಕೂತು ಮಣ್ಣು, ಮರದ ಪರವಾಗಿ ಮಾತಾಡುವುದು ತುಸು ತಮಾಷೆಯೇ. ಈ ಊರಿನ ಹಳೆಯ ಹೆಸರು ಬೆಂಕಿಪುರ. ಮೈಸೂರು ಕಬ್ಬಿಣದ ಕಾರ್ಖಾನೆ 1923ರಲ್ಲಿ ಇಲ್ಲಿ ಉತ್ಪಾದನೆ ಆರಂಭಿಸಿದಾಗ ಅದರ ಊದುಕುಲುಮೆ ಉರಿದದ್ದು ಇದ್ದಿಲಿನಿಂದ, ಎಂದರೆ ಸುತ್ತಲ ಕಾಡಿನಿಂದ. ಅದಿರು ಬಂದದ್ದು ಕೆಮ್ಮಣ್ಣುಗುಂಡಿಯಿಂದ, ಸುಣ್ಣದ ಕಲ್ಲು ಭಂಡಿಗುಡ್ಡದಿಂದ. ಮುಂದೆ ಆ ಕಾರ್ಖಾನೆ ಸಿಮೆಂಟನ್ನೂ ತಯಾರಿಸಿತು. 1936ರಲ್ಲಿ ಸ್ಥಾಪನೆಯಾದ ಕಾಗದದ ಕಾರ್ಖಾನೆ ಬಿದಿರು, ನೀಲಗಿರಿಗಳನ್ನು ಬೇಡಿತು. ನಮ್ಮ ಸಂಬಂಧಿಕರಲ್ಲೇ ಮೂರು ಮನೆಗಳ ಅನ್ನ ಈ ಎರಡು ಗೇಟುಗಳ ಒಳಗಿಂದ ಬಂದಿದೆ. ಆದ್ದರಿಂದ ಕಬ್ಬಿಣ, ಸಿಮೆಂಟನ್ನು ಬಯ್ಯುವ ಅಧಿಕಾರ ನನಗಿಲ್ಲ. ಎಷ್ಟು ಬೇಕು ಎಂದು ಕೇಳಿಕೊಳ್ಳುವ ಅಧಿಕಾರ ಇದೆ.

ಲೆಕ್ಕ ಸರಳ. ಸುಣ್ಣದ ಕಲ್ಲಿಗೆ ಜೇಡಿಮಣ್ಣು ಬೆರೆಸಿ ಸುಮಾರು 1,450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಯಿಸಿದರೆ ಸಿಮೆಂಟಿನ ಗಟ್ಟಿ. ಉರಿಯ ಹೊಗೆಯ ಜತೆಗೆ ಕಲ್ಲಿನೊಳಗಿನ ಇಂಗಾಲದ ಡೈಆಕ್ಸೈಡೂ ಹೊರಬೀಳುತ್ತದೆ. ಮನುಷ್ಯರು ಗಾಳಿಗೆ ಬಿಡುವ ಈ ಅನಿಲದಲ್ಲಿ ಶೇ 7ರಿಂದ 8ರಷ್ಟು ಸಿಮೆಂಟಿನದು. ಗಾರೆಯ ಸುಣ್ಣವೂ ಸುಟ್ಟದ್ದೇ, ಆದರೆ 900 ಡಿಗ್ರಿಯ ಆಸುಪಾಸಿನ ಉರಿ ಅದಕ್ಕೆ ಸಾಕು. ಗೋಡೆಯ ಮೇಲೆ ಒಣಗುತ್ತ, ಬಿಟ್ಟ ಅನಿಲದ ಒಂದು ಪಾಲನ್ನು ವರ್ಷಗಟ್ಟಲೆ ಮರಳಿ ಹೀರಿಕೊಳ್ಳುತ್ತದೆ. ಮಣ್ಣಿಗೆ ಉರಿಯೇ ಬೇಡ. ಇವೆಲ್ಲಕ್ಕಿಂತ ಅಗ್ಗದ ಸಾಮಗ್ರಿ ಒಂದಿದೆ: ಆಗಲೇ ನಿಂತಿರುವ ಗೋಡೆ. ಅದರ ಖರ್ಚು ಅಜ್ಜನ ಕಾಲದಲ್ಲೇ ಮುಗಿದಿದೆ.

ಮೊದಲು ಒಂದು ಮಳೆಗಾಲ

ಕೆಲಸ ಶುರು ಮಾಡುವ ಮೊದಲು ಒಂದು ಮಳೆಗಾಲ ಸುಮ್ಮನೆ ನೋಡಿ ಎಂದು ಯಾರಾದರೂ ಹೇಳಿದ್ದರೆ ದುಡ್ಡು ಉಳಿಯುತ್ತಿತ್ತು. ನೀರು ಎಲ್ಲಿ ಸೋರುತ್ತದೆ, ಎಲ್ಲಿ ನಿಲ್ಲುತ್ತದೆ, ಗೆದ್ದಲು ಯಾವ ಕಂಬ ಹಿಡಿದು ಮೇಲೇರುತ್ತದೆ, ಇದನ್ನೆಲ್ಲ ಆಷಾಢ ತೋರಿಸುವಷ್ಟು ಚೆನ್ನಾಗಿ ಯಾವ ಎಂಜಿನಿಯರೂ ತೋರಿಸಲಾರ. ನಾವು ಬೇಸಿಗೆಯಲ್ಲಿ ಶುರು ಮಾಡಿದೆವು.

ಮೊದಲ ಕೆಲಸ ಮಾಡು. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನವರು 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಈ ಹೆಂಚು ಘಟ್ಟ ಹತ್ತಿ ಬಂತು. ನಮ್ಮ ಕೊಟ್ಟಿಗೆಗೂ ಅಜ್ಜನ ಕಾಲದಲ್ಲಿ ಮೊದಲು ಹುಲ್ಲು, ಆಮೇಲೆ ನಾಡಹೆಂಚು, ಕೊನೆಗೆ ಇದು. ಎಲ್ಲವನ್ನೂ ಇಳಿಸಿ ಒಂದೊಂದನ್ನೂ ಬೆರಳ ಗೆಣ್ಣಿನಿಂದ ಬಡಿದು ನೋಡಿದೆವು. ಟಣ್ ಎಂದರೆ ಮೇಲಕ್ಕೆ, ಬೊದ್ ಎಂದರೆ ಪಕ್ಕಕ್ಕೆ. ಪಾಚಿಯನ್ನು ತೆಂಗಿನ ನಾರು, ನೀರು ಹಾಕಿ ಉಜ್ಜಿದೆವು. ಹತ್ತರಲ್ಲಿ ಎಂಟು ಟಣ್ ಎಂದವು. ಒಡಕು ಹೆಂಚು ಪುಡಿಯಾಗಿ ಗಾರೆಗೆ ಹೋಯಿತು. ಕತ್ತಲೆಗೆ ನಾಲ್ಕು ಗಾಜಿನ ಹೆಂಚು ಸಾಕಾದವು. ಗೆದ್ದಲು ತಿಂದ ರೀಪುಗಳ ಬದಲು ಮಾಗಿದ ಅಡಿಕೆ ಮರದ ದಬ್ಬೆ ಹಾಕಿದೆವು. ಮರಕ್ಕೆ ಬಳಿದದ್ದು ಗೇರೆಣ್ಣೆ. ಗೆದ್ದಲಿಗೆ ಅದು ಹಿಡಿಸದು. ಮನುಷ್ಯರ ಚರ್ಮಕ್ಕೂ ಹಿಡಿಸದು, ಬೊಬ್ಬೆ ಏಳುತ್ತದೆ. ಕೈಗವಸು ಹಾಕದ ನನ್ನ ಎಡಗೈ ಹದಿನೈದು ದಿನ ಅದನ್ನು ನೆನಪಿಸಿತು.

ಹೆಂಚಿನ ಮಾಡಿನ ನಿಜವಾದ ಶತ್ರು ಮಳೆಯಲ್ಲ, ಮಂಗ. ಊರವರು ಹೆಂಚು ಬಿಟ್ಟು ತಗಡಿಗೆ ಹೋದದ್ದು ಮುಖ್ಯವಾಗಿ ಇದಕ್ಕೇ. ಹೆಂಚಿನಡಿ ತಗಡು ಹಾಸಿಬಿಡಿ ಎಂದರು ಹಲವರು. ಹಾಗೆ ಮಾಡಿದರೆ ಸೋರುವುದಿಲ್ಲ ನಿಜ, ಆದರೆ ಹೆಂಚಿನ ಸಂದಿಯ ಉಸಿರಾಟವೂ ನಿಲ್ಲುತ್ತದೆ. ಮಾಡಿನ ಮೇಲೆ ಚಾಚಿದ್ದ ಹಲಸಿನ ಕೊಂಬೆಗಳನ್ನು ಕಡಿಸಿ, ನೂರೈವತ್ತು ಹೆಂಚು ಅಟ್ಟದಲ್ಲಿ ಕೂಡಿಟ್ಟೆವು. ಮಂಗ ಈಗಲೂ ಬರುತ್ತದೆ. ವರ್ಷಕ್ಕೆ ಹತ್ತಿಪ್ಪತ್ತು ಹೆಂಚು ಅದರ ಪಾಲು.

ಹಿಂಬದಿಯ ಒಂದಂಕಣಕ್ಕೆ ಎಂಬತ್ತರ ದಶಕದಲ್ಲಿ ಯಾರೋ ಆಸ್ಬೆಸ್ಟಾಸ್ ಶೀಟು ಹೊದೆಸಿದ್ದರು. ಇದರ ಬಗ್ಗೆ ಒಂದು ಎಚ್ಚರಿಕೆ. ಆಸ್ಬೆಸ್ಟಾಸಿನ ಎಲ್ಲ ಬಗೆಗಳೂ ಕ್ಯಾನ್ಸರ್ ತರಬಲ್ಲವು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದನ್ನು ಗರಗಸ ಹಾಕಿ ಕೊಯ್ಯಬಾರದು, ಒಡೆದು ಉರುಳಿಸಬಾರದು. ಅಪಾಯ ಇರುವುದು ಆ ಧೂಳಿನಲ್ಲಿ. ನಾವು ನೀರು ಸಿಂಪಡಿಸಿ, ಬೋಲ್ಟು ಬಿಚ್ಚಿ, ಇಡಿಯಾಗಿ ಇಳಿಸಿ, ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದೆವು.

ಗೋಡೆಯ ಉಪ್ಪು

ಮಾಡು ಮುಗಿದ ಖುಷಿಯಲ್ಲಿ ಒಂದು ಅವಸರದ ಕೆಲಸ ಮಾಡಿದೆವು. ಗೋಡೆಯ ಕೆಳಗಿನ ಮೂರಡಿ ಮಣ್ಣು ಉದುರುತ್ತಿತ್ತು. ಪೇಟೆಯಿಂದ ಬಂದ ಒಬ್ಬರು, ಸಿಮೆಂಟ್ ಗಿಲಾವು ಮಾಡಿಸಿ, ಮೇಲೆ ವಾಟರ್‌ಪ್ರೂಫ್ ಬಣ್ಣ ಬಳಿಸಿ, ಇಪ್ಪತ್ತು ವರ್ಷ ತಿರುಗಿ ನೋಡಬೇಡಿ ಎಂದರು. ಮಾಡಿಸಿದೆವು. ಚೆನ್ನಾಗಿಯೇ ಕಂಡಿತು. ಜುಲೈ ಹೊತ್ತಿಗೆ ಬಣ್ಣ ಗುಳ್ಳೆ ಎದ್ದಿತು. ಆಗಸ್ಟ್‌ನಲ್ಲಿ ಗಿಲಾವಿನ ಹಿಂದೆ ಟೊಳ್ಳು ಸದ್ದು. ಗೌರಿ ಹಬ್ಬದ ಹಿಂದಿನ ದಿನ ಬಾಗಿಲಗಲದ ಒಂದು ಹಲಗೆಯಂತೆ ಅದು ಕಳಚಿ ಬಿತ್ತು. ಹಿಂದೆ ಹಿಟ್ಟಿನಂಥ ಬಿಳಿ ಪುಡಿ.

ಊರಿನ ಹಳೆಯ ಮೇಸ್ತ್ರಿಯನ್ನು ಕರೆಸಿದೆ. ಎಪ್ಪತ್ತು ದಾಟಿದವರು, ಕೆಲಸ ಬಿಟ್ಟು ಹಲವು ವರ್ಷ ಆಗಿತ್ತು. ಅವರು ಬಗ್ಗಿ, ಬಿಳಿ ಪುಡಿಯನ್ನು ಬೆರಳಿಗೆ ಹಚ್ಚಿ, ನಾಲಿಗೆಗೆ ಇಟ್ಟುಕೊಂಡು ಉಗುಳಿದರು.

‘ದನ ಉಚ್ಚೆ ಹೊಯ್ದ ಗೋಡೆ ಕಣಪ್ಪ ಇದು. ಅಜ್ಜನ ಕಾಲದಿಂದ ಕುಡ್ದೈತೆ. ಬಾಯಿ ಮುಚ್ಚಿದ್ರೆ ಎಲ್ಲಿಗೆ ಹೋಗ್ಬೇಕು ಅದು? ಒದ್ದು ಆಚೆ ಬಂತು.’

ರಸಾಯನಶಾಸ್ತ್ರ ಇದಕ್ಕಿಂತ ಹೆಚ್ಚೇನೂ ಹೇಳುವುದಿಲ್ಲ. ಗಂಜಲದ ಯೂರಿಯಾ ಮಣ್ಣಿನ ಸೂಕ್ಷ್ಮಾಣುಗಳ ಕೈಗೆ ಸಿಕ್ಕಿ ಅಮೋನಿಯಾ ಆಗಿ, ಆಮೇಲೆ ನೈಟ್ರೇಟ್ ಆಗುತ್ತದೆ. ನೆಲದ ತೇವ ಅದನ್ನು ಕರಗಿಸಿಕೊಂಡು ಗೋಡೆ ಏರುತ್ತದೆ. ನೀರು ಆರಿಹೋಗಿ ಉಪ್ಪು ಉಳಿಯುತ್ತದೆ. ಹರಳುಗಟ್ಟುವಾಗ ಅದರ ಒತ್ತಡಕ್ಕೆ ಗಿಲಾವು ಕಳಚುತ್ತದೆ. ಮಣ್ಣಿನ ಗೋಡೆಯಾದರೆ ಈ ಉಪ್ಪು ಮೇಲ್ಮೈಗೆ ಬಂದು ಉದುರಿ ಹೋಗುತ್ತದೆ, ವರ್ಷಕ್ಕೊಮ್ಮೆ ಸಾರಿಸಿದರೆ ಆಯಿತು. ಸಿಮೆಂಟು ಅದಕ್ಕೆ ದಾರಿ ಕೊಡುವುದಿಲ್ಲ.

ಈ ಉಪ್ಪಿಗೆ ಒಂದು ಕಾಲದಲ್ಲಿ ರಾಜಮರ್ಯಾದೆ ಇತ್ತು. ಕೊಟ್ಟಿಗೆಯ ಹಳೆಯ ಮಣ್ಣನ್ನು ನೀರಲ್ಲಿ ನೆನೆಸಿ, ಸೋಸಿ, ಕಾಯಿಸಿದರೆ ಸಿಗುವುದೇ ಪೆಟ್ಲುಪ್ಪು. ಕೋವಿಮದ್ದಿನಲ್ಲಿ ಅತಿ ಹೆಚ್ಚು ಪಾಲು ಅದರದ್ದು. ಇಂಗ್ಲೆಂಡಿನಲ್ಲಿ 17ನೇ ಶತಮಾನದಲ್ಲಿ ರಾಜನ ಅಪ್ಪಣೆ ಹಿಡಿದ ಪೆಟ್ಲುಪ್ಪಿನವರು ಜನರ ಲಾಯ, ಪಾರಿವಾಳದ ಗೂಡುಗಳ ನೆಲ ಅಗೆದು ಮಣ್ಣು ಹೊತ್ತೊಯ್ಯುತ್ತಿದ್ದರು. ಒಂದು ಸಾಮ್ರಾಜ್ಯದ ಫಿರಂಗಿಗೆ ಬೇಕಾದದ್ದು ನಮ್ಮ ಗೋಡೆಯಲ್ಲಿ ಬಿಟ್ಟಿ ಬೆಳೆಯುತ್ತಿತ್ತು, ನಾವು ಅದನ್ನು ಬಣ್ಣ ಬಳಿದು ಮುಚ್ಚಲು ಹೋಗಿದ್ದೆವು.

ಮೇಸ್ತ್ರಿ ಹೇಳಿದ ಮದ್ದು ಗಾಯಕ್ಕೆ ಪಟ್ಟು ಹಾಕಿದಂತೆ. ಸಿಮೆಂಟನ್ನೆಲ್ಲ ಉಳಿಯಿಂದ ಎಬ್ಬಿಸಿ ತೆಗೆದೆವು. ಗೋಡೆಯನ್ನು ನೀರು ತಾಗಿಸದೆ ಪೊರಕೆಯಲ್ಲಿ ಗುಡಿಸಿ, ಜೇಡಿಮಣ್ಣು, ಮರಳು ಕಲಸಿದ ಒದ್ದೆ ಮುದ್ದೆಯನ್ನು ಒಂದಂಗುಲ ದಪ್ಪ ಮೆತ್ತಿದೆವು. ಅದು ಆರುತ್ತಾ ಗೋಡೆಯ ಉಪ್ಪನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಬಿರುಕು ಬಿಟ್ಟ ಮೇಲೆ ಕಿತ್ತು, ಮತ್ತೆ ಹೊಸದು. ಮೂರು ಸಲ ಮಾಡುವಾಗ ಚಳಿಗಾಲ ಕಳೆಯಿತು. ಕಿತ್ತ ಮಣ್ಣು ತೆಂಗಿನ ಬುಡಕ್ಕೆ ಹೋಯಿತು, ನೈಟ್ರೇಟ್ ಎಂದರೆ ಗೊಬ್ಬರವೇ ತಾನೆ. ಗೋಡೆಯ ಹೊರಗೆ ಮೊಣಕಾಲುದ್ದದ ಕಾಲುವೆ ತೋಡಿ ಜಲ್ಲಿ ತುಂಬಿದ ಮೇಲೆ ಸೂರಿನ ನೀರು ಬುಡಕ್ಕೆ ಬಡಿಯುವುದು ತಪ್ಪಿತು.

ಬೆಲ್ಲ, ಅಳಲೆಕಾಯಿ, ಸುಣ್ಣ

ಗಾರೆಯ ಸಾಮಾನಿಗೆ ಶಿವಮೊಗ್ಗದ ಗಾಂಧಿ ಬಜಾರಿನ ಗ್ರಂಥಿಗೆ ಅಂಗಡಿಗೆ ಹೋದೆ. ಅಳಲೆಕಾಯಿ ಐದು ಕೆ.ಜಿ. ಬೇಕು ಎಂದಾಗ ಅಂಗಡಿಯವರು ಕನ್ನಡಕ ಏರಿಸಿ ನೋಡಿದರು. ‘ಕೆಮ್ಮು ಯಾರಿಗೆ?’ ‘ಗೋಡೆಗೆ’ ಎಂದೆ.

ಸುಟ್ಟ ಸುಣ್ಣದ ಹರಳನ್ನು ಡ್ರಮ್ಮಿನ ನೀರಿಗೆ ಹಾಕಿದರೆ ಒಲೆಯಿಲ್ಲದೆ ಕೊತಕೊತ ಕುದಿಯುತ್ತದೆ. ಮಕ್ಕಳನ್ನು ದೂರ ಇಡಬೇಕು, ಕಣ್ಣಿಗೆ ಹಾರಿದರೆ ಕಷ್ಟ. ಅರಳಿದ ಸುಣ್ಣವನ್ನು ಜರಡಿ ಹಿಡಿದು, ಮೇಲೆ ನಾಲ್ಕು ಬೆರಳು ನೀರು ನಿಲ್ಲಿಸಿ ಮೂರು ವಾರ ಬಿಟ್ಟೆವು. ಅದು ಬೆಣ್ಣೆಯಂತಾಯಿತು. ಒಂದು ಪಾಲು ಸುಣ್ಣಕ್ಕೆ ಎರಡು ಪಾಲು ಮರಳು, ಒಂದು ಪಾಲು ಒಡೆದ ಹೆಂಚಿನ ಪುಡಿ. ಹೆಂಚಿನ ಪುಡಿ ಬಿದ್ದರೆ ಸುಣ್ಣ ತೇವದಲ್ಲೂ ಗಟ್ಟಿಯಾಗುತ್ತದೆ. ಜಜ್ಜಿದ ಅಳಲೆಕಾಯಿ, ಬೆಲ್ಲ ನೆನೆಹಾಕಿದ ನೀರಿನಲ್ಲಿ ಕಲಸು. ಆ ನೀರು ಹುಳಿಹುಳಿಯಾಗಿ ನೊರೆ ಬಂದಾಗ ಹದ. ಮೊದಲ ದಿನ ಬೆಲ್ಲದ ವಾಸನೆಗೆ ಊರಿನ ಇರುವೆಯೆಲ್ಲ ಬಂದಿತ್ತು.

ತೇವ ಏರುವ ಕೆಳಗಿನ ಮೂರಡಿಗೆ ಈ ಗಾರೆ. ಮೇಲಿನದಕ್ಕೆ ಕತ್ತರಿಸಿದ ಹುಲ್ಲು ಬೆರೆಸಿದ ಕೆಮ್ಮಣ್ಣು. ಗಿಲಾವು ಬೇಗ ಒಣಗಬಾರದು ಎಂದು ಒದ್ದೆ ಗೋಣಿ ಕಟ್ಟಿ, ದಿನಕ್ಕೆರಡು ಸಲ ನೀರು ಚಿಮುಕಿಸಬೇಕು. ವಾರಕ್ಕೆರಡು ದಿನ ಬರುವ ನಮ್ಮಿಂದ ಆಗುವ ಕೆಲಸವಲ್ಲ. ಪಕ್ಕದ ಮನೆಯ ಅಕ್ಕ ವಹಿಸಿಕೊಂಡರು. ಅವರ ಮಾತು ಮುಂದೆ ಬರುತ್ತದೆ.

ಮಣ್ಣಿನಲ್ಲಿ ಕಟ್ಟುವುದು ಹಳೆಯ ಕಾಲದ ಹಂಬಲವಷ್ಟೇ ಅಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರದಲ್ಲಿ ಕೆ.ಎಸ್. ಜಗದೀಶ್ ಅವರಂಥವರು ಒತ್ತುಮಣ್ಣಿನ ಇಟ್ಟಿಗೆಯನ್ನು ವಿಜ್ಞಾನದ ಒರೆಗೆ ಹಚ್ಚಿದರು. ಸ್ವಲ್ಪವೇ ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತಿದ, ಸುಡದ ಇಟ್ಟಿಗೆ ಅದು. ಬಿದ್ದೇಹೋಗಿದ್ದ ಒಂದು ಅಡ್ಡಗೋಡೆಗೆ ನಾವು ಅದನ್ನೇ ಬಳಸಿದೆವು. ಇಲ್ಲಿ ಸಿಮೆಂಟ್ ಬೇಕಿತ್ತು, ಬೇಕಾದಷ್ಟೇ ಹಾಕಿದೆವು.

ತಲೆ ಬಗ್ಗಿಸುವ ಸೂರು

ಕೊಟ್ಟಿಗೆಯ ಅಳತೆ ಮನುಷ್ಯರದಲ್ಲ. ಮಲೆನಾಡು ಗಿಡ್ಡ ತಳಿಯ ಹಸುವಿನ ಎತ್ತರ ಸುಮಾರು ಮೂರಡಿ. ಅದಕ್ಕೆ ತಕ್ಕಂತೆ ಸೂರು ತಗ್ಗು, ಮಳೆಯ ಎರಚಲು ಒಳಗೆ ಬಾರದು. ನನ್ನ ಹಣೆಗೆ ಅದು ಮೊದಲ ತಿಂಗಳಲ್ಲಿ ನಾಲ್ಕು ಸಲ ಬಡಿಯಿತು. ಮಾಡನ್ನೇ ಎತ್ತರಿಸಲು ಕಂಬಗಳಿಗೆಲ್ಲ ಕೈ ಹಾಕಬೇಕು. ಮೇಸ್ತ್ರಿ ಬೇರೆ ದಾರಿ ಹೇಳಿದರು: ‘ಮೇಲಕ್ಕೆ ಯಾಕೆ ಹೋಗ್ತಿ, ಕೆಳಕ್ಕೆ ಹೋಗು.’

ದನ ಕಟ್ಟಿದ ನೆಲ ವರ್ಷವರ್ಷಕ್ಕೂ ಏರುತ್ತದೆ. ಹಾಸಿದ ಸೊಪ್ಪು, ಹುಲ್ಲು, ಸಗಣಿ ತುಳಿದು ತುಳಿದು ಗಟ್ಟಿಯಾಗಿರುತ್ತದೆ. ಅಗೆದಾಗ ಒಂದೂಕಾಲು ಅಡಿ ಕಪ್ಪು ಮಣ್ಣು ಸಿಕ್ಕಿತು. ಅದರಡಿ ಕಲ್ಲು ಚಪ್ಪಡಿ, ಗಂಜಲದ ಕಾಲುವೆಯತ್ತ ಇಷ್ಟೇ ಇಷ್ಟು ಇಳಿಜಾರು. ಯಾರಿಗೂ ನೆನಪಿರದ ನೆಲ. ಗೋಡೆಯ ಬುಡದಿಂದ ಒಂದೂವರೆ ಅಡಿ ಬಿಟ್ಟೇ ಅಗೆಯಬೇಕು, ಇಂಥ ಕಟ್ಟಡಗಳ ಪಾಯ ಆಳವಿರುವುದಿಲ್ಲ. ಹಾಗೆ ಬಿಟ್ಟ ಅಂಚೇ ಈಗ ಸುತ್ತಲೂ ಕೂರುವ ಜಗಲಿ. ಮಲಗುವ ಅಂಕಣಕ್ಕೆ ಹುತ್ತದ ಮಣ್ಣು, ಕೆಮ್ಮಣ್ಣು ಹಾಕಿ ಪೆಟ್ಟನೆಯಲ್ಲಿ ಬಡಿದು, ಸಗಣಿ ಸಾರಿಸಿದೆವು. ಉಳಿದದ್ದು ಚಪ್ಪಡಿಯೇ. ತೆಗೆದ ಕಪ್ಪು ಮಣ್ಣಿಗೆ ಅಡಿಕೆ ತೋಟದವರು ಗಾಡಿ ತಂದರು. ಅದರ ದುಡ್ಡಿನಲ್ಲಿ ಭದ್ರಾವತಿಯ ಗುಜರಿಯಿಂದ ಎರಡು ಹಳೆಯ ಕಬ್ಬಿಣದ ಕಿಟಕಿ ಬಂದವು. ಗೋದಲಿಗೆ ಹಲಗೆ ಹೊದಿಸಿ ಪುಸ್ತಕ ಇಟ್ಟಿದ್ದೇವೆ. ಹಗ್ಗ ಉಜ್ಜಿ ಉಜ್ಜಿ ಸವೆದ ಅದರ ಅಂಚು ಹಾಗೇ ಇದೆ. ಎಲ್ಲಿ ಯಾವ ಎತ್ತು ನಿಲ್ಲುತ್ತಿತ್ತು ಎಂದು ಅಪ್ಪ ಆ ಸವೆತ ಮುಟ್ಟಿ ಹೇಳುತ್ತಾರೆ.

ನೀರು, ಬಚ್ಚಲು, ಕಾಗದ

ಒಂದು ಚದರ ಮೀಟರ್ ಮಾಡಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನಮ್ಮ ಮಾಡು 80 ಚದರ ಮೀಟರ್. 50 ಮಿ.ಮೀ. ಮಳೆ ಸುರಿದ ದಿನ 4,000 ಲೀಟರ್. ಮೊದಲ ಮಳೆಯ ಕೊಳೆ ಹೊರಗೆ ಬಿಟ್ಟು, ಉಳಿದದ್ದನ್ನು ಮರಳು, ಜಲ್ಲಿಯ ಮೂಲಕ ಬಾವಿಯ ಪಕ್ಕದ ಇಂಗುಗುಂಡಿಗೆ ತಿರುಗಿಸಿದ್ದೇವೆ. ಶೌಚಾಲಯಕ್ಕೆ ಎರಡು ಗುಂಡಿ. ಒಂದು ತುಂಬಿದರೆ ಇನ್ನೊಂದಕ್ಕೆ ಬದಲಿಸಿ, ಮೊದಲನೆಯದನ್ನು ಗೊಬ್ಬರವಾಗಲು ಬಿಡುವುದು. ಬಾವಿಯಿಂದ ಅದು ದೂರ, ಇಳಿಜಾರಿನ ಕೆಳಗೆ. ಪಾತ್ರೆ ತೊಳೆದ ನೀರಿಗೆ ಬಾಳೆ ಬುಡ.

ಕಾಗದಪತ್ರದ ವಿಚಾರ ಚುಟುಕಾಗಿ. ಕೊಟ್ಟಿಗೆ ಗ್ರಾಮಠಾಣೆಯಲ್ಲಿದ್ದರೆ ಪಂಚಾಯಿತಿಯ ಇ-ಸ್ವತ್ತು ನೋಡಿಕೊಳ್ಳಿ. ಹೊಲದಲ್ಲಿದ್ದರೆ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಕಲಂ ಅನ್ವಯಿಸುತ್ತದೆ: ಸ್ವಂತ ಬಳಕೆಯ ತೋಟದ ಮನೆ ಹಿಡುವಳಿಯ ಶೇ 10 ಮೀರಬಾರದು. ಬಾಡಿಗೆಗೆ ಕೊಡುವ, ಹೋಮ್‌ಸ್ಟೇ ಮಾಡುವ ಆಲೋಚನೆಯಿದ್ದರೆ ಅದರ ನಿಯಮವೇ ಬೇರೆ. ಹಳೆಯ ಮರ ಸಾಗಿಸುವ ಮುನ್ನ ಅರಣ್ಯ ಇಲಾಖೆಯವರನ್ನು ಕೇಳುವುದು ಒಳ್ಳೆಯದು.

ಐದು ದಿನ ಯಾರಿರುತ್ತಾರೆ?

ಎರಡನೆಯ ಮಳೆಗಾಲಕ್ಕೆ ಎಲ್ಲ ಮುಗಿದಿತ್ತು. ಉಣಗೋಲಿನ ಜಾಗಕ್ಕೆ ಬಂದ ಬಾಗಿಲಿಗೆ ಬೀಗ ಹಾಕಿ ಹೋದೆವು. ಮಗಳ ಪರೀಕ್ಷೆ, ನನ್ನ ಜ್ವರ, ಎಡೆಬಿಡದ ಮಳೆ ಎಂದು ಐದು ವಾರ ಬರಲಾಗಲಿಲ್ಲ. ಬಂದು ಬಾಗಿಲು ತೆರೆದರೆ ಮುಗ್ಗಲು ವಾಸನೆ ಮುಖಕ್ಕೆ ಹೊಡೆಯಿತು. ಗೋದಲಿಯ ಪುಸ್ತಕಗಳಿಗೆ ಬೂಷ್ಟು. ಹೊಸ ಅಡಿಕೆ ದಬ್ಬೆಯ ಮೇಲೆ ಗೆದ್ದಲಿನ ಮಣ್ಣಿನ ದಾರಿ. ಸಾರಿಸಿದ ನೆಲದಲ್ಲಿ ಬೆರಳಗಲದ ಬಿರುಕು, ಮೂಲೆಯಲ್ಲಿ ಕಳಚಿಟ್ಟ ಹಾವಿನ ಪೊರೆ. ಕೊಟ್ಟಿಗೆಯಾಗಿದ್ದಾಗ ಎಷ್ಟೋ ಮಳೆಗಾಲ ತಡೆದ ಕಟ್ಟಡ, ಮನೆಯಾದ ಮೇಲೆ ಐದು ವಾರ ತಡೆಯಲಿಲ್ಲ.

ಮೇಸ್ತ್ರಿ ನೋಡಿ ಒಂದೇ ಮಾತು ಕೇಳಿದರು: ‘ಹೊಗೆ ಎಲ್ಲಿ?’

ಯೋಚಿಸಿದರೆ ಸರಿಯೇ. ಸಂಜೆ ಸೊಳ್ಳೆಗೆಂದು ಕೊಟ್ಟಿಗೆಯಲ್ಲಿ ಹೊಗೆ ಹಾಕುತ್ತಿದ್ದರು. ಅದು ಮರದ ತೇವ ಆರಿಸುತ್ತಿತ್ತು, ಹುಳ ಓಡಿಸುತ್ತಿತ್ತು. ಬೆಳಗ್ಗೆ ಸಗಣಿ ಬಾಚುವ ಪೊರಕೆ ಗೆದ್ದಲಿನ ದಾರಿಯನ್ನು ದಿನವೂ ಮುರಿಯುತ್ತಿತ್ತು. ತಟ್ಟಿಯ ಮೇಲಿನಿಂದ ಗಾಳಿ ಆಡುತ್ತಿತ್ತು. ಕಟ್ಟಡ ನಿಂತದ್ದು ಮತ್ತಿ ಮರದಿಂದ ಮಾತ್ರವಲ್ಲ, ದಿನಕ್ಕೆರಡು ಸಲ ಬಂದು ಹೋಗುತ್ತಿದ್ದ ಮನುಷ್ಯರಿಂದ. ಗಾರೆ, ಗೇರೆಣ್ಣೆ, ಒತ್ತುಮಣ್ಣು ಎಲ್ಲ ಲೆಕ್ಕ ಹಾಕಿದ್ದ ನಾವು, ವಾರದಲ್ಲಿ ಐದು ದಿನ ಬೀಗ ಬಿದ್ದಿರುವ ಮನೆಯನ್ನು ಪರಿಸರಸ್ನೇಹಿ ಎಂದು ಕರೆದುಕೊಂಡಿದ್ದೆವು.

ಪಕ್ಕದ ಮನೆಯ ಅಕ್ಕನಿಗೆ ಎರಡು ಹಸು. ಅವರ ತಗಡಿನ ಚಪ್ಪರ ಬೇಸಿಗೆಯಲ್ಲಿ ಕಾದ ಹೆಂಚು, ಮಳೆಯಲ್ಲಿ ತಮಟೆ. ಐದಂಕಣದಲ್ಲಿ ಹಿಂಬದಿಯ ಎರಡನ್ನು ಬಿಟ್ಟುಕೊಡುತ್ತೇವೆ, ಕಟ್ಟಿಕೊಳ್ಳಿ ಎಂದೆವು. ಅವರು ಕೂಡಲೇ ಒಪ್ಪಲಿಲ್ಲ. ‘ನೆಂಟರು ಬಂದಾಗ ವಾಸ್ನೆ ಅಂತೀರ, ಆಮೇಲೆ ಬಿಡಿಸ್ತೀರ. ಮೊದ್ಲೇ ಹೇಳ್ಬಿಡಿ.’ ಸರಿಯಾದ ಅನುಮಾನ. ಪೇಟೆಯವರು ಹಳ್ಳಿಯಲ್ಲಿ ಮನೆ ಮಾಡಿದಾಗ ಮೊದಲು ಬೇಡವಾಗುವುದು ಹಳ್ಳಿಯೇ. ಬಿಡಿಸುವುದಿಲ್ಲ ಎಂದು ದೊಡ್ಡಪ್ಪನ ಮಗನ ಎದುರು ಒಪ್ಪಿಕೊಂಡ ಮೇಲೆ ಹಸು ಬಂದವು. ಗಂಜಲ ಗೋಡೆಗೆ ತಾಗದ ಹಾಗೆ ಇಳಿಜಾರನ್ನು ನಡುವಿಗೆ ತಿರುಗಿಸಿ, ಹೊರಗಿನ ಗುಂಡಿಗೆ ಕಾಲುವೆ ಕೊಟ್ಟೆವು. ಗಡಿಯ ಅಂಕಣದಲ್ಲಿ ಬಚ್ಚಲ ಹಂಡೆ. ಅವರು ದಿನವೂ ಅಡಿಕೆ ಸಿಪ್ಪೆ ಹಾಕಿ ಒಲೆ ಹೊತ್ತಿಸುತ್ತಾರೆ, ಬಿಸಿನೀರು ಅವರ ಮನೆಗೆ. ಹೊಗೆ ಮಲಗುವ ಕಡೆ ಬರಬಾರದೆಂದು ಅಡ್ಡಗೋಡೆಯನ್ನು ಮಾಡಿನವರೆಗೂ ಏರಿಸಿ, ಎತ್ತರದ ಹೊಗೆಗಂಡಿ ಇಟ್ಟಿದ್ದೇವೆ. ಶ್ವಾಸಕೋಶಕ್ಕೆ ಒಳ್ಳೆಯದಲ್ಲದ್ದು ಮರಕ್ಕೆ ಒಳ್ಳೆಯದು, ಎರಡನ್ನೂ ಒಂದೇ ಕೋಣೆಯಲ್ಲಿ ಇಡಬಾರದು. ನಮ್ಮ ಮೂರಂಕಣದ ಕಿಟಕಿಗಳನ್ನು ಬೆಳಗ್ಗೆ ಅವರು ತೆರೆಯುತ್ತಾರೆ, ಹದಿನೈದು ದಿನಕ್ಕೊಮ್ಮೆ ನೆಲ ಸಾರಿಸುತ್ತಾರೆ. ಅದಕ್ಕೆ ಸಂಬಳ ಬೇರೆ. ಅಂಕಣ ಕೊಟ್ಟ ಉಪಕಾರದಲ್ಲಿ ಅದು ಸೇರಿಲ್ಲ.

ಕಳೆದ ದೀಪಾವಳಿಗೆ ಗೋಪೂಜೆ ಅಲ್ಲೇ ಆಯಿತು. ಅಕ್ಕ ಗೋಡೆಗೆ ಕೆಮ್ಮಣ್ಣು ಬಳಿದು ಸುಣ್ಣದ ಚಿತ್ತಾರ ಬರೆದರು. ಗಡಿ ಎಲ್ಲಿ ಎಂದು ನೋಡದೆ ನಮ್ಮ ಮೂರಂಕಣದ ಗೋಡೆಗೂ ಬರೆದುಬಿಟ್ಟರು. ಸ್ನೇಹಿತರು ಬಂದರೆ ಸಗಣಿ ವಾಸನೆ ಬರುತ್ತದೆ ಎನ್ನುತ್ತಾರೆ. ಬರುತ್ತದೆ. ಮುಗ್ಗಲು ವಾಸನೆ ಬರುವುದಿಲ್ಲ.

ಬಿ.ಎಚ್. ರಸ್ತೆಯಲ್ಲಿ ಕೊಂಡ ಹಿತ್ತಾಳೆ ಬೀಗ ವ್ಯರ್ಥವಾಗಲಿಲ್ಲ. ತೋಟದ ಪಂಪ್‌ಸೆಟ್ಟಿನ ಪೆಟ್ಟಿಗೆಗೆ ಹಾಕಿದ್ದೇವೆ. ಕೊಟ್ಟಿಗೆಯ ಮುಂದೆ ಹೊಸ ಬಿದಿರಿನ ಮೂರು ಗಳ ಹಾಕಿಸಿದ್ದೇನೆ. ಶನಿವಾರ ನಾವು ಬರುವ ಹೊತ್ತಿಗೆ ಮೇಲಿನ ಎರಡನ್ನು ಅಕ್ಕ ಸರಿಸಿಟ್ಟಿರುತ್ತಾರೆ, ಕೆಳಗಿನದನ್ನು ನಾವು ದಾಟಿಕೊಳ್ಳುತ್ತೇವೆ.